ಇಪ್ಪತ್ತನಾಲ್ಕು ಬಾಗಿಲಿನ ಗುಟ್ಟು

ಆವತ್ತು ಬೆಳಗ್ಗೆ ಕರ್ನಲ್ ಲಿಫ್ಟಿನಿಂದ ಒಂದು ಮಹಡಿ ಮೊದಲೇ ಇಳಿದುಬಿಟ್ಟ. ನಡೆದದ್ದು ಇಷ್ಟೇ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ತಲೆಯಲ್ಲಿ ಆಫೀಸಿನ ಯೋಚನೆ. ಲಿಫ್ಟಿನ ಬಾಗಿಲು ತೆರೆದುಕೊಂಡಿತು, ಇವನು ಹೊರಗೆ ಕಾಲಿಟ್ಟ. ಆ ಕಟ್ಟಡದಲ್ಲಿ ಎಲ್ಲ ಮಹಡಿಗಳೂ ಒಂದೇ ಅಚ್ಚಿನವು. ಅದೇ ಬೂದು ಗೋಡೆ, ಅದೇ ಕಂದು ಬಾಗಿಲು, ಬಾಗಿಲ ಮೇಲೆ ಅದೇ ಗುಂಡಿಗಳ ಬೀಗ. ಬಲಗಡೆಯ ಎರಡನೇ ಬಾಗಿಲಿಗೆ ಹೋಗಿ ತನ್ನ ಆರು ಅಂಕಿಯ ಸಂಖ್ಯೆ ಒತ್ತಿದ. ಬೀಗ ಟಿಕ್ ಎಂದಿತು. ಒಳಗೆ ಹೋದ.

ಒಳಗೆ ಮೂರನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರು ಬಿಸಿನೀರಿನ ಟಬ್ಬಿನಲ್ಲಿ ಎರಡೂ ಕಾಲು ಇಳಿಬಿಟ್ಟುಕೊಂಡು, ಎದುರಿಗೆ ಮೂವತ್ತು ಮಕ್ಕಳು ಕೂತಿದ್ದಾರೆ ಎಂಬಂತೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು.

"ಬನ್ನಿ ಕರ್ನಲ್," ಎಂದರು, ಪತ್ರಿಕೆಯಿಂದ ಕಣ್ಣು ತೆಗೆಯದೆ. "ಏನು ಬೇಕಿತ್ತು?"

"ಏನಿಲ್ಲ ಮೇಷ್ಟ್ರೇ. ಮಹಡಿ ತಪ್ಪಿ ಬಂದೆ."

"ಆಗುತ್ತೆ, ಆಗುತ್ತೆ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ. ಗಾಳಿ ಬರುತ್ತೆ."

ಕರ್ನಲ್ ಬಾಗಿಲು ಎಳೆದುಕೊಂಡು ಹೊರಬಂದ. ಮೆಟ್ಟಿಲ ಹತ್ತಿರ ಬಂದ ಮೇಲೆ ಗಕ್ಕನೆ ನಿಂತ. ಇನ್ನೊಬ್ಬರ ಮನೆಗೆ ನುಗ್ಗಿದೆನಲ್ಲ ಎಂಬ ನಾಚಿಕೆಗಲ್ಲ. ತನ್ನ ಸಂಖ್ಯೆಗೆ ಅವರ ಬಾಗಿಲು ತೆರೆಯಿತಲ್ಲ, ಅದಕ್ಕೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕರ್ನಲ್ ಎಂದರೆ ಸೈನ್ಯದವನಲ್ಲ. ಬಂದೂಕು ಹೋಗಲಿ, ಜಿರಲೆ ಕಂಡರೂ ಕುರ್ಚಿ ಹತ್ತುವ ಪೈಕಿ. ಬೀಗ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಅವನದು. ಯಂತ್ರಕ್ಕೆ ಕರೆಂಟ್ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು, ಉಳಿದ ತಂತ್ರಾಂಶಗಳನ್ನು ಎಬ್ಬಿಸಿ, ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. 'ನಂದು ಕರ್ನಲ್ ಕೆಲಸ' ಎಂದು ನಿವಾಸಿಗಳ ಸಂಘದ ಸೆಕ್ರೆಟರಿ ಮೇಡಂಗೆ ಒಮ್ಮೆ ಹೇಳಿದ್ದ. ಮಾರನೇ ದಿನ ಸಂಘದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಅದು ಬಂದು ಕೂತಿತು. ಕೇಳಲು ಹಿತವಾಗಿಯೇ ಇತ್ತು, ಹಾಗಾಗಿ ಅವನೂ ತಿದ್ದಲು ಹೋಗಲಿಲ್ಲ.

ಆರು ತಿಂಗಳ ಹಿಂದೆ ಆ ಕಟ್ಟಡದ ಇಪ್ಪತ್ತನಾಲ್ಕು ಮನೆಗಳಿಗೂ ತನ್ನ ಕಂಪನಿಯ ಬೀಗ ಹಾಕಿಸಿದವನು ಅವನೇ. ಕೀಲಿಯ ಗೊಡವೆ ಇಲ್ಲ, ಕಳೆಯುವ ಭಯವಿಲ್ಲ. ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಬೀಗದೊಳಗಿನ ಪುಟ್ಟ ಕಂಪ್ಯೂಟರ್ ಹೊಸದಾಗಿ ಶುರುವಾಗುತ್ತದೆ, ಯಾರೂ ಊಹಿಸಲಾರದ ಹೊಸ ಸಂಖ್ಯೆಯೊಂದನ್ನು ಆರಿಸುತ್ತದೆ, ಆ ಮನೆಯ ಒಂದೇ ಒಂದು ಫೋನಿಗೆ ಕಳಿಸುತ್ತದೆ. 'ಸಂಖ್ಯೆನ ಯಾರಿಗೂ ಹೇಳಬೇಡಿ, ಪಕ್ಕದ ಮನೆಯವರಿಗೂ ಬೇಡ' ಎಂದು ಕರ್ನಲ್ ಸಭೆಯಲ್ಲಿ ಮೂರು ಸಲ ಒತ್ತಿ ಹೇಳಿದ್ದ. ಒಪ್ಪದೆ ಕೂತಿದ್ದವರು ಒಬ್ಬರೇ, ಎರಡನೇ ಮಹಡಿಯಲ್ಲಿದ್ದ ಅವನ ಸ್ವಂತ ಅತ್ತೆ. 'ಎಲ್ಲಾ ಸರಿ ಅಳಿಯಂದ್ರೇ, ಒಂದು ಕೀಲಿ ತೂತಾದ್ರೂ ಇಡಿ' ಎಂದಿದ್ದರು. 'ಅತ್ತೆ, ತೂತು ಇಟ್ರೆ ಕಳ್ಳನಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ' ಎಂದು ಅಳಿಯ ನಕ್ಕಿದ್ದ. ಸಭೆಯೂ ನಕ್ಕಿತ್ತು. ಅತ್ತೆ ಮಾತ್ರ ನಕ್ಕಿರಲಿಲ್ಲ.

ಈಗ ಅದೇ ಅಳಿಯ ಬ್ರೆಡ್ ಹಿಡಿದುಕೊಂಡು ಎರಡನೇ ಮಹಡಿಗೆ ಇಳಿದ. ಒಂದು ಸಲ ಆದದ್ದು ಆಕಸ್ಮಿಕ ಇರಬಹುದು, ನೋಡಿಯೇ ಬಿಡೋಣ ಎನ್ನುವ ಕುತೂಹಲ. ಅತ್ತೆಯ ಬಾಗಿಲಿಗೆ ತನ್ನ ಸಂಖ್ಯೆ ಒತ್ತಿದ. ಟಿಕ್.

ಅತ್ತೆ ಮೇಜಿನ ಮುಂದೆ ಕೂತು ಗಾಜಿನ ಬಾಟಲಿಯೊಂದರ ಜೊತೆ ಗುದ್ದಾಡುತ್ತಿದ್ದರು. "ಬಂದ್ರಾ, ಒಳ್ಳೇದಾಯ್ತು. ಈ ಮುಚ್ಚಳ ತೆಗೆದುಕೊಡಿ. ಎದ್ದಾಗಿನಿಂದ ಒದ್ದಾಡ್ತಿದೀನಿ."

ಮುಚ್ಚಳ ತೆಗೆದುಕೊಟ್ಟು ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿದ. ಹೇಳದೆ ಕೇಳದೆ ಒಳಗೆ ಬಂದವನನ್ನು ಕಂಡು ಮೇಷ್ಟ್ರಾಗಲಿ ಅತ್ತೆಯಾಗಲಿ ಯಾಕೆ ಬೆಚ್ಚಲಿಲ್ಲ ಎಂದು ಆಗಲೇ ಯೋಚಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನ ತಲೆ ತುಂಬಾ ಬೀಗವೇ ಇತ್ತು. ಅಂಥ ಹೊತ್ತಿನಲ್ಲಿ ಯಾರಿಗೆ ಬುದ್ಧಿ ಓಡುತ್ತದೆ.

ಮನೆಯಲ್ಲಿ ಹೆಂಡತಿ ಡ್ಯೂಟಿಗೆ ಹೊರಟು ನಿಂತಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವುದು ಅವಳ ಕೆಲಸ. ಬೆಳಗ್ಗೆ ಹೋದರೆ ಮನೆ ಸೇರುವುದು ಏಳು ಗಂಟೆಗೆ.

"ರೀ, ನಿನ್ನೆ ಮಳೆ ಬಂದಾಗ ಬಾಲ್ಕನಿ ಬಟ್ಟೆ ಎಲ್ಲಾ ಒಳಗೆ ತಂದು ಎಷ್ಟು ಚೆನ್ನಾಗಿ ಮಡಚಿಟ್ಟಿದ್ದೀರ. ನಮ್ಮ ಎಕ್ಸ್-ರೇ ರೂಮಲ್ಲಿ ಎಲ್ಲರಿಗೂ ಹೇಳ್ತೀನಿ ನಿಮ್ಮ ವಿಷಯ. ಒಬ್ಬಳೂ ನಂಬಲ್ಲ."

ಕರ್ನಲ್ ತಲೆಯಾಡಿಸಿದ. ಬಟ್ಟೆಯನ್ನು ಅವನು ಮುಟ್ಟಿಯೂ ಇರಲಿಲ್ಲ. ಇಂಥದು ಮೊದಲ ಸಲವೂ ಅಲ್ಲ. ಕೆಲವು ತಿಂಗಳಿಂದ ಅವರ ಮನೆಯಲ್ಲಿ ಪಾತ್ರೆ ತೊಳೆದಿರುತ್ತಿತ್ತು, ಗಿಡಕ್ಕೆ ನೀರು ಬಿದ್ದಿರುತ್ತಿತ್ತು, ಮರೆತು ಹೋದ ಫ್ಯಾನು ಆರಿರುತ್ತಿತ್ತು. ಹೆಂಡತಿ ಮಾಡಿ ಮರೆತಿರಬೇಕು, ಪಾಪ, ಆಸ್ಪತ್ರೆ ಕೆಲಸದ ಒತ್ತಡ ಎಂದು ಅವನು ತೀರ್ಮಾನಿಸಿದ್ದ. ಗಂಡನೇ ಮಾಡಿದ್ದು ಎಂದು ಅವಳು ನಂಬಿದ್ದಳು. ಅವಳು ಥ್ಯಾಂಕ್ಸ್ ಎಂದಾಗಲೆಲ್ಲ ಅವನು ತಲೆಯಾಡಿಸುತ್ತಿದ್ದ. ಆ ಮನೆಯಲ್ಲಿ ಜಗಳವಾಗಿ ಐದು ತಿಂಗಳಾಗಿತ್ತು.

ಒಂಬತ್ತೂವರೆಗೆ ಕರ್ನಲ್ ಬಾಸ್ ಮುಂದೆ ನಿಂತು ಎಲ್ಲವನ್ನೂ ಒದರಿದ.

ಬಾಸ್ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. "ಇವತ್ತು ಸಾಯಂಕಾಲ ಆರು ಗಂಟೆಗೆ ನಿಮ್ಮ ಬಿಲ್ಡಿಂಗಿಗೆ ಯಾರು ಬರ್ತಿದಾರೆ, ನೆನಪಿದೆಯಾ?" ಎಂದರು.

ನೆನಪಿತ್ತು. ಇನ್ನೂರು ಕೋಣೆಗಳ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಬೀಗ ಕೊಳ್ಳುವ ಮೊದಲು ಜನ ಬಳಸುತ್ತಿರುವ ಕಡೆ ಕಣ್ಣಾರೆ ನೋಡಬೇಕು ಎಂದಿದ್ದರು ಆಕೆ.

"ಆಯಮ್ಮ ಒಂದು ಮನೆ ನಂಬರು ತಗೊಂಡು ಇನ್ನೊಂದು ಮನೆ ಬಾಗಿಲಿಗೆ ಹಾಕಿ ನೋಡ್ತಾರಂತೆ. ಫೋನಲ್ಲಿ ಹಾಗಂತ ಹೇಳಿದಾರೆ. ಬಾಗಿಲು ತೆಗೀತು ಅಂದ್ರೆ ನಾಳೆಯಿಂದ ನೀನು ಆಫೀಸಿಗೆ ಬರೋದು ಬೇಡ. ನಾನೂ ಬರಲ್ಲ. ಆಫೀಸೇ ಇರಲ್ಲ."

"ಸರಿ ಮಾಡ್ತೀನಿ ಸರ್."

"ಯಾರಿಗೂ ಗೊತ್ತಾಗಬಾರದು. ನಿಮ್ಮ ಬಿಲ್ಡಿಂಗಿನ ಒಂದು ನರಪಿಳ್ಳೆಗೂ."

ಐದು ಗಂಟೆಗೆ ಕರೆಂಟ್ ತೆಗೆದು ಐದೂವರೆಗೆ ಕೊಡುತ್ತೇವೆ, ತಂತಿ ಬದಲಿಸುವ ಕೆಲಸವಿದೆ ಎಂದು ಕಟ್ಟಡದ ನೋಟಿಸ್ ಬೋರ್ಡಿನಲ್ಲಿ ನಿನ್ನೆಯೇ ಅಂಟಿಸಿದ್ದರು. ಕರೆಂಟ್ ಬಂದ ಕೂಡಲೇ ಇಪ್ಪತ್ತನಾಲ್ಕು ಬೀಗಗಳೂ ಒಂದೇ ಕ್ಷಣಕ್ಕೆ ಎಚ್ಚರಗೊಂಡು ಹೊಸ ಸಂಖ್ಯೆ ಆರಿಸುತ್ತವೆ. ಅಷ್ಟರೊಳಗೆ ದುರಸ್ತಿಯಾಗಬೇಕು. ಹೆಚ್ಚೆಂದರೆ ಏಳೂವರೆ ಗಂಟೆ ಹೊತ್ತು.

ಕರ್ನಲ್ ತನ್ನ ಜಾಗದಲ್ಲಿ ಕೂತು ತಂತ್ರಾಂಶದಲ್ಲಿ ಸಂಖ್ಯೆ ಆರಿಸುವ ಭಾಗವನ್ನು ತೆರೆದ. ದೋಷ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕಂಪ್ಯೂಟರಿಗೆ ತಾನಾಗಿ ಮನಸ್ಸಿಗೆ ಬಂದದ್ದು ಹೇಳಲು ಬರುವುದಿಲ್ಲ, ಹೇಳಿಕೊಟ್ಟದ್ದನ್ನೇ ಹೇಳುತ್ತದೆ. ಯಾರೂ ಊಹಿಸಲಾರದ ಸಂಖ್ಯೆ ಬೇಕೆಂದರೆ ಕರ್ನಲ್ ತಂತ್ರಾಂಶ ಹೊರಗಿನ ಗದ್ದಲಕ್ಕೆ ಕಿವಿಗೊಡಬೇಕು. ಗುಂಡಿ ಯಾವ ಕ್ಷಣಕ್ಕೆ ಒತ್ತಿದರು, ಸಂದೇಶ ಯಾವ ಕ್ಷಣಕ್ಕೆ ಬಂತು ಎಂಬುದನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನವರೆಗೆ ಅಳೆದು, ಆ ಚೂರುಪಾರನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ಕಲಸಬೇಕು. ಸಾಕಷ್ಟು ಗುಡ್ಡೆಯಾಗುವ ತನಕ ಸಂಖ್ಯೆ ಕೇಳಿದವರಿಗೆ 'ತಾಳಿ' ಎನ್ನಬೇಕು. ಈ ಬೀಗ 'ತಾಳಿ' ಎನ್ನುತ್ತಲೇ ಇರಲಿಲ್ಲ. ನಿದ್ದೆಯಿಂದ ಆಗಷ್ಟೇ ಎದ್ದವನನ್ನು ಏನು ಕೇಳಿದರೂ 'ಹಾಂ?' ಎನ್ನುತ್ತಾನಲ್ಲ, ಹಾಗೆ ಎದ್ದ ಕೂಡಲೇ ಬಾಯಿಗೆ ಬಂದದ್ದನ್ನು ಕೊಟ್ಟುಬಿಡುತ್ತಿತ್ತು. ಕೈಗೆ ಸಿಕ್ಕುತ್ತಿದ್ದದ್ದು ಗಡಿಯಾರದ ಸಮಯ ಒಂದೇ. ಕಟ್ಟಡಕ್ಕೆಲ್ಲ ಕರೆಂಟ್ ಬರುವುದು ಒಂದೇ ಸಲ. ಹಾಗಾಗಿ ಇಪ್ಪತ್ತನಾಲ್ಕು ಬೀಗಗಳೂ ಒಂದೇ 'ಹಾಂ' ಎನ್ನುತ್ತಿದ್ದವು.

ಆ 'ತಾಳಿ'ಯನ್ನು ತೆಗೆದ ಮಹಾನುಭಾವ ಯಾರು? ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರು ಎಂಬ ದಾಖಲೆ ಇರುತ್ತದೆ. ಕರ್ನಲ್ ಹಲ್ಲು ಕಡಿಯುತ್ತ ಅದನ್ನು ತೆರೆದ. ಹದಿನಾಲ್ಕು ತಿಂಗಳ ಹಿಂದಿನ ತಾರೀಕು. 'ಬೀಗ ಶುರುವಾಗಲು ತಡವಾಗುತ್ತಿದೆ ಎಂದು ದೂರು ಬಂದಿದೆ. ಸದ್ಯಕ್ಕೆ ಕಾಯುವುದನ್ನು ತೆಗೆದಿದ್ದೇನೆ. ಆಮೇಲೆ ನೋಡೋಣ.' ಕೆಳಗೆ ಹೆಸರು. ಅವನದೇ.

ಅವನು ಆ ಕಿಟಕಿಯನ್ನು ಮೆಲ್ಲಗೆ ಮುಚ್ಚಿದ. ಯಾರೂ ನೋಡಿರಲಿಲ್ಲ.

ಕಾಯಿಸುವುದೇನೋ ಸುಲಭ, ಒಂದು ಸಾಲು. ಆದರೆ ಬಾಗಿಲಿಗೆ ಅಂಟಿಕೊಂಡಿರುವ ಬೀಗಕ್ಕೆ ಗದ್ದಲ ಎಲ್ಲಿಂದ ತರುವುದು? ಸದ್ದಿಲ್ಲ, ಸುದ್ದಿಯಿಲ್ಲ, ಇರುವುದು ಹತ್ತು ಗುಂಡಿ. ಹಾಗಾದರೆ ಮನೆಯವರಿಂದಲೇ ಮನಸ್ಸಿಗೆ ಬಂದ ಸಂಖ್ಯೆ ಒತ್ತಿಸಿದರೆ? ಪರೀಕ್ಷೆ ಮಾಡಿಯೇ ಬಿಡೋಣ ಎಂದು ಎದ್ದು ಆಫೀಸಿನಲ್ಲಿದ್ದ ಹನ್ನೊಂದು ಜನರನ್ನು ಕೇಳಿದ: ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ, ಮನಸ್ಸಿಗೆ ಬಂದದ್ದು. ಎಂಟು ಜನ ಏಳು ಎಂದರು. ಇಬ್ಬರು ಮೂರು ಎಂದರು. ಬಾಸ್ ಮಾತ್ರ "ಹತ್ತು. ನಿನಗೆ ಇದು ಆಟ ಆಡೋ ಹೊತ್ತಾ?" ಎಂದರು.

ಪರೀಕ್ಷಾ ವಿಭಾಗದಲ್ಲಿ ಒಬ್ಬಳು ಅಕ್ಕ ಇದ್ದಳು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಊಟದ ಡಬ್ಬಿ ತೆರೆಯುವುದು ಹನ್ನೆರಡು ಐವತ್ತೈದಕ್ಕೆ, ಮುಚ್ಚುವುದು ಒಂದು ಹತ್ತಕ್ಕೆ. ಅವಳನ್ನು ನೋಡಿ ಆಫೀಸಿನವರು ಗೋಡೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕರ್ನಲ್ ಒಂದು ಬೀಗ ತಂದು ಅವಳ ಮುಂದಿಟ್ಟ.

"ಅಕ್ಕಾ, ಒಂದೇ ಗುಂಡಿನ ಮೂವತ್ತು ಸಲ ಒತ್ತು. ಒಂದೇ ಸಮ ಇರಬೇಕು. ಚೂರೂ ಹೆಚ್ಚುಕಮ್ಮಿ ಆಗಬಾರದು."

"ಅದೇನು ದೊಡ್ಡ ವಿಷಯ," ಎಂದು ಅಕ್ಕ ಬೆನ್ನು ನೆಟ್ಟಗೆ ಮಾಡಿ ಒತ್ತಿದಳು. ಟಕ್, ಟಕ್, ಟಕ್. ಕೇಳಿದವರಿಗೆ ಮೂವತ್ತೂ ಒಂದೇ.

ಕರ್ನಲ್ ನಡುವಿನ ಅಂತರಗಳನ್ನು ತೆರೆದು ನೋಡಿದ. ಮೊದಲ ಎರಡು ಅಂಕಿ ಎಲ್ಲದರಲ್ಲೂ ಒಂದೇ. ಅಲ್ಲಿಂದಾಚೆಗೆ ಒಂದಕ್ಕೊಂದು ಸಂಬಂಧವಿಲ್ಲ. ಇನ್ನೊಂದು ಸಲ ಒತ್ತಿಸಿದ. ಬೇರೆಯೇ ಬಂತು. ಐದು ಸಲ ಒತ್ತಿಸಿದ. ಐದು ಸಲವೂ ಬೇರೆ. ಇಷ್ಟು ಕಟ್ಟುನಿಟ್ಟಾದ ಹೆಂಗಸಿನ ಬೆರಳ ತುದಿಯಲ್ಲೂ, ಅವಳಿಗೇ ಗೊತ್ತಿಲ್ಲದ ಹಾಗೆ, ಯಾರ ಲೆಕ್ಕಕ್ಕೂ ಸಿಗದ ಒಂದು ನಡುಕ ಕೂತಿತ್ತು. ಕೆಲಸ ಹೋಗುವ ಭಯವನ್ನೂ ಮರೆತು ಅವನು ಆ ಅಂಕಿಗಳನ್ನು ನೋಡುತ್ತ ಕೂತ. ತುಂಬಾ ಖುಷಿಯಾಯಿತು.

"ಏನಾಯ್ತು, ತಪ್ಪಾಯ್ತಾ?" ಎಂದಳು ಅಕ್ಕ, ಮುಖ ಸಣ್ಣದು ಮಾಡಿಕೊಂಡು.

"ಇಲ್ಲ ಅಕ್ಕಾ. ನಿನ್ನಷ್ಟು ಚೆನ್ನಾಗಿ ಯಾರೂ ತಪ್ಪು ಮಾಡಕ್ಕಾಗಲ್ಲ."

ಎರಡು ಗಂಟೆಯ ಹೊತ್ತಿಗೆ ಹೊಸ ತಂತ್ರಾಂಶ ಒಂದು ಪೆನ್ ಡ್ರೈವಿನಲ್ಲಿ ಕೂತಿತ್ತು. ಕರೆಂಟ್ ಬಂದ ಮೇಲೆ ಮನೆಯವರು ಹೇಗಾದರೂ ಸರಿ, ಮೂವತ್ತು ಸಲ ಗುಂಡಿ ಒತ್ತಬೇಕು; ಆ ಅಂತರಗಳೇ ಗದ್ದಲ; ಆಮೇಲೆಯೇ ಸಂಖ್ಯೆ. ಉಳಿದದ್ದು ಅದನ್ನು ಇಪ್ಪತ್ತನಾಲ್ಕು ಬೀಗಗಳಿಗೆ ಹಾಕುವುದು. ಕಳ್ಳರು ಹೊರಗಿನಿಂದ ಕೈಯಾಡಿಸಬಾರದೆಂದು ಪೆನ್ ಡ್ರೈವ್ ಚುಚ್ಚುವ ಜಾಗವನ್ನು ಬಾಗಿಲ ಒಳಮೈಗೆ ಇಟ್ಟಿದ್ದರು. ಅದೂ ಕರ್ನಲ್‌ನದೇ ಸಲಹೆ. ಅಂದರೆ ಪ್ರತಿ ಮನೆಯ ಒಳಗೂ ಹೋಗಬೇಕು.

ಮನೆಯಲ್ಲಿ ಜನ ಇದ್ದ ಕಡೆ 'ಆರು ತಿಂಗಳ ತಪಾಸಣೆ' ಎಂದ. ಯಾರೂ ಮರುಮಾತಾಡಲಿಲ್ಲ. ಬೀಗ ಹಾಕಿದ್ದ ಮನೆಗಳೇ ಹೆಚ್ಚಿದ್ದವು. ಅವುಗಳ ಮುಂದೆ ಕರ್ನಲ್ ಸ್ವಲ್ಪ ಹೊತ್ತು ನಿಂತು, ಎಡಬಲ ನೋಡಿ, ತನ್ನದೇ ಸಂಖ್ಯೆ ಒತ್ತಿ ಒಳಗೆ ನುಸುಳಿದ. ದೋಷವನ್ನು ಸರಿಪಡಿಸಲು ದೋಷವೇ ದಾರಿ ಬಿಟ್ಟುಕೊಟ್ಟಿತು. ಮಾಡುತ್ತಿರುವುದು ಕಳ್ಳನ ಕೆಲಸವೇ ಎಂದು ಅವನಿಗೆ ಗೊತ್ತಿತ್ತು.

ಮೂರು ಗಂಟೆಗೆ ಐದನೇ ಮಹಡಿಯ ದಂತವೈದ್ಯರ ಖಾಲಿ ಮನೆಯಲ್ಲಿದ್ದ. ಪೆನ್ ಡ್ರೈವ್ ಚುಚ್ಚಿ ಹಸಿರು ದೀಪಕ್ಕಾಗಿ ಕಾಯುತ್ತಿದ್ದಾಗ ಹೊರಗೆ ಯಾರೋ ಗುಂಡಿ ಒತ್ತುವ ಸದ್ದು. ಒಂದು, ಎರಡು, ಮೂರು. ಆರನೆಯದು ಮುಗಿಯುವಷ್ಟರಲ್ಲಿ ಕರ್ನಲ್ ಸೋಫಾದ ಹಿಂದೆ ಬೋರಲು ಬಿದ್ದಿದ್ದ.

ಬಾಗಿಲು ತೆರೆಯಿತು. ಸೋಫಾದ ಅಡಿಯಿಂದ ಎರಡು ಪಾದ ಕಂಡವು. ನೀಲಿ ಚಪ್ಪಲಿ, ಒಂದರ ಪಟ್ಟಿ ಕಿತ್ತುಹೋಗಿ ಕೆಂಪು ಪಟ್ಟಿ ಹಾಕಿಸಿದ್ದರು. ಪಾದಗಳು ಯಾವ ಅವಸರವೂ ಇಲ್ಲದೆ ಅಡುಗೆಮನೆಗೆ ಹೋದವು. ಫ್ರಿಜ್ ತೆರೆದ ಸದ್ದು. ಐಸ್ ಕುಟ್ಟಿದ ಸದ್ದು. ಯಾವುದೋ ಹಾಡು ಗುನುಗಿದ ಸದ್ದು. ಮತ್ತೆ ಬಂದ ದಾರಿಯಲ್ಲೇ ಪಾದಗಳು ಹೊರಗೆ ಹೋದವು, ಬಾಗಿಲು ಮುಚ್ಚಿತು.

ಹಾಗಾದರೆ ವಿಷಯ ಆಗಲೇ ಯಾರಿಗೋ ಗೊತ್ತಾಗಿದೆ. ಕಳ್ಳತನ ಶುರುವಾಗಿದೆ. ಆದರೆ ಎಂಥ ಕಳ್ಳ ಇದು? ಗೋಡೆಯ ಮೇಲೆ ಅಷ್ಟು ದೊಡ್ಡ ಟೀವಿ ಬಿಟ್ಟು ಐಸ್ ಒಯ್ದನಲ್ಲ? ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ನೀನು ಅಲ್ಲಿ ಏನು ಮಾಡುತ್ತಿದ್ದೆ ಎಂದು ಮೊದಲು ಕೇಳುತ್ತಾರೆ. ಅಂಗಿಯ ಧೂಳು ಕೊಡವಿಕೊಂಡು ಮುಂದಿನ ಮನೆಗೆ ಹೋದ.

ನಾಲ್ಕು ಮುಕ್ಕಾಲಿಗೆ ಕೊನೆಯದಾಗಿ ತನ್ನ ಮನೆಯ ಬೀಗಕ್ಕೂ ಹಾಕಿದ. ಫೋನಿನಲ್ಲಿ ಚಾರ್ಜ್ ಮುಗಿಯುತ್ತ ಬಂದಿತ್ತು. ಸಿಕ್ಕಷ್ಟು ಸಿಗಲಿ ಎಂದು ಅಡುಗೆಮನೆಯಲ್ಲಿ ಚುಚ್ಚಿಟ್ಟು, ಮುಖ ತೊಳೆದು, ಬಾಗಿಲೆಳೆದುಕೊಂಡು ಕೆಳಗೆ ಓಡಿದ. ಐದಕ್ಕೆ ಸರಿಯಾಗಿ ಕರೆಂಟ್ ಹೋಯಿತು.

ಐದೂವರೆಗೆ ಬಂದಾಗ ಕಟ್ಟಡದಲ್ಲಿ ಹಿಂದೆಂದೂ ಕೇಳದ ಸದ್ದು. ಕರ್ನಲ್ ಹೇಳಿಕೊಟ್ಟಂತೆ ಆರು ಮಹಡಿಗಳಲ್ಲೂ ಜನ ತಂತಮ್ಮ ಬಾಗಿಲ ಮುಂದೆ ನಿಂತು ಗುಂಡಿ ಕುಟ್ಟುತ್ತಿದ್ದರು. ಕೆಲಸದಿಂದ ಬಂದವರು ಬಂದ ಹಾಗೆಯೇ ಶುರುಮಾಡುತ್ತಿದ್ದರು. ಹೆಡ್‌ಮಾಸ್ತರು ಒಂದರಿಂದ ಮೂವತ್ತರವರೆಗೆ ಗಟ್ಟಿಯಾಗಿ ಎಣಿಸಿಕೊಂಡು ಒತ್ತಿದರು. ಅತ್ತೆ ತಿಗಣೆ ಹೊಸಕುವ ಹಾಗೆ ಒಂದೊಂದನ್ನೂ ಅದುಮಿದರು. ಕರ್ನಲ್ ಮಹಡಿಯಿಂದ ಮಹಡಿಗೆ ಓಡುತ್ತ, "ಹೇಗೆ ಬೇಕಾದ್ರೂ ಒತ್ತಿ, ತಪ್ಪು ಅನ್ನೋದೇ ಇಲ್ಲ" ಎನ್ನುತ್ತಿದ್ದ. ನಡುವೆ ತನ್ನ ಬಾಗಿಲಿಗೂ ಹೋಗಿ ಮೂವತ್ತು ಸಲ ಒತ್ತಿದ. ಒಳಗೆ ಅವನ ಫೋನು ಟಿಣ್ ಎಂದಿತು. ಸದ್ಯ, ಸಂಖ್ಯೆ ಬಂತು ಎಂದುಕೊಂಡು ಸಮಾಧಾನದಿಂದ ಕೆಳಗೆ ಓಡಿದ.

ಆರಕ್ಕೆ ಬಾಸ್ ಜೊತೆ ವಾರ್ಡನ್ ಬಂದರು. ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಸೆಕ್ರೆಟರಿ ಮೇಡಂ ಫೋನಿಗೆ ಬಂದಿದ್ದ ಸಂಖ್ಯೆಯನ್ನು ಓದಿಕೊಂಡು, ಹೆಡ್‌ಮಾಸ್ತರ ಬಾಗಿಲಿಗೆ ಒತ್ತಿದರು. ಕೆಂಪು ದೀಪ. ಅತ್ತೆಯ ಬಾಗಿಲಿಗೆ ಒತ್ತಿದರು. ಕೆಂಪು ದೀಪ. ಇನ್ನೂ ನಾಲ್ಕು ಕಡೆ ಒತ್ತಿದರು. ಎಲ್ಲಾ ಕೆಂಪು. ಬಾಸ್‌ಗೆ ಹೋದ ಉಸಿರು ಬಂತು.

"ಇನ್ನೂರು ಬೀಗ ಕಳಿಸಿಕೊಡಿ," ಎಂದರು ವಾರ್ಡನ್. ಬಾಸ್ ಕರ್ನಲ್‌ನ ಭುಜ ತಟ್ಟಿ, ವಾರ್ಡನ್ ಹಿಂದೆ ಕಾರಿನ ಕಡೆ ಹೆಚ್ಚುಕಮ್ಮಿ ಕುಣಿದುಕೊಂಡೇ ಹೋದರು.

ಕರ್ನಲ್ ನಗುತ್ತ ತಿರುಗಿದ. ಹಿಂದೆ ಕಟ್ಟಡಕ್ಕೆ ಕಟ್ಟಡವೇ ನಿಂತಿತ್ತು. ಯಾರ ಮುಖದಲ್ಲೂ ನಗು ಇರಲಿಲ್ಲ.

"ಕರ್ನಲ್," ಎಂದರು ಹೆಡ್‌ಮಾಸ್ತರು, "ನನ್ನ ನಂಬರಿಗೆ ಬೇರೆ ಮನೆ ಬಾಗಿಲು ತೆಗೀತಿಲ್ಲ."

"ತೆಗೀಬಾರದು ಮೇಷ್ಟ್ರೇ. ಅದಕ್ಕೇ ಅಲ್ವಾ ಬೀಗ ಇರೋದು."

"ಹಾಗಾದ್ರೆ ಗಿಡಕ್ಕೆ ನೀರು ಹಾಕೋದು ಹೇಗೆ? ಹನ್ನೊಂದು ಮನೆ ಗಿಡ ನಂದೇ ಜವಾಬ್ದಾರಿ."

"ನನ್ನ ಮಂಡಿಗೆ ದಿನಾ ಮೂರು ಗಂಟೆಗೆ ಐಸ್ ಇಡಬೇಕು," ಎಂದರು ಸೆಕ್ರೆಟರಿ ಮೇಡಂ. "ನಮ್ಮ ಫ್ರಿಜ್ಜು ಕೆಟ್ಟು 'ಢಂ' ಅಂದು ನಾಲ್ಕು ತಿಂಗಳಾಯ್ತು."

ಕರ್ನಲ್ ಮೆಲ್ಲಗೆ ಅವರ ಪಾದ ನೋಡಿದ. ನೀಲಿ ಚಪ್ಪಲಿ, ಒಂದಕ್ಕೆ ಕೆಂಪು ಪಟ್ಟಿ. ಪಕ್ಕದಲ್ಲೇ ನಿಂತಿದ್ದ ದಂತವೈದ್ಯರು, "ದಿನಾ ಬೆಳಗ್ಗೆ ನಾನೇ ಟ್ರೇ ತುಂಬಿಸಿಟ್ಟು ಹೋಗ್ತೀನಿ," ಎಂದು ಬೇಸರದಿಂದ ಹೇಳಿದರು.

"ಅಂದ್ರೆ... ನಿಮಗೆಲ್ಲ ಗೊತ್ತಿತ್ತಾ?"

"ಬೀಗ ಹಾಕಿಸಿದ ಎರಡನೇ ದಿನವೇ," ಎಂದರು ಹೆಡ್‌ಮಾಸ್ತರು. "ನಾನೂ ಮಹಡಿ ತಪ್ಪಿ ಇಳಿದಿದ್ದೆ."

"ನಂಬರು ಯಾರಿಗೂ ಹೇಳಬೇಡಿ ಅಂತ ಮೂರು ಸಲ ಹೇಳಿದ್ನಲ್ಲ ನಾನು."

"ಒಬ್ಬರೂ ಒಬ್ಬರಿಗೂ ಹೇಳಿಲ್ಲಪ್ಪ," ಎಂದರು ಸೆಕ್ರೆಟರಿ ಮೇಡಂ, ಆಡಬಾರದ ಮಾತು ಆಡಿದ ಹಾಗೆ ಅವನನ್ನು ನೋಡುತ್ತ. "ಹೇಳೋ ಅವಶ್ಯಕತೆನೇ ಬೀಳಲಿಲ್ಲ."

"ಮತ್ತೆ ನನಗೊಬ್ಬನಿಗೆ ಯಾಕೆ ಗೊತ್ತಾಗಲಿಲ್ಲ?"

ಇದಕ್ಕೆ ಅತ್ತೆಯೇ ಬಾಯಿಬಿಟ್ಟರು. "ಗೊತ್ತಾಗಿದ್ರೆ ರಿಪೇರಿ ಮಾಡ್ತಿದ್ರಲ್ಲ ಅಳಿಯಂದ್ರೇ."

ಅತ್ತ ಕೆಲಸ ಉಳಿಯಿತು, ಇತ್ತ ಇಷ್ಟು ಜನರ ಕೋಪ. ಮನೆಗೆ ಹೋಗಿ ಒಂದು ಲೋಟ ನೀರು ಕುಡಿದರೆ ಸಾಕೆನಿಸಿ ನಾಲ್ಕನೇ ಮಹಡಿಗೆ ಹೋದ. ಬಾಗಿಲ ಮುಂದೆ ನಿಂತು ಹೊಸ ಸಂಖ್ಯೆ ನೋಡಲು ಜೇಬಿಗೆ ಕೈಹಾಕಿದ. ಇನ್ನೊಂದು ಜೇಬಿಗೂ ಹಾಕಿದ. ಆಮೇಲೆ ಹಣೆಯನ್ನು ಬಾಗಿಲಿಗೆ ಆನಿಸಿ ನಿಂತುಬಿಟ್ಟ.

ಹಿಂದೆಯೇ ಬಂದಿದ್ದ ಜನಕ್ಕೆ ಸಂಗತಿ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನೀವೇ ಮಾಡಿದ ಬೀಗ. ನಂಬರು ಏನಿರಬಹುದು ಅಂತ ಒಂದು ಅಂದಾಜೂ ಇಲ್ವಾ?" ಎಂದರು ಹೆಡ್‌ಮಾಸ್ತರು.

"ಇಲ್ಲ ಮೇಷ್ಟ್ರೇ. ಯಾರಿಗೂ ಇರಕ್ಕೆ ಸಾಧ್ಯ ಇಲ್ಲ." ಆ ಸ್ಥಿತಿಯಲ್ಲೂ ಅವನ ದನಿಯಲ್ಲಿ ಒಂದು ಚೂರು ಹೆಮ್ಮೆ ಇತ್ತು.

"ಕಂಪನಿಲಿ ಬರೆದಿಟ್ಟಿರಲ್ವಾ?"

"ಎಲ್ಲೂ ಇಡಬಾರದು ಅಂತ ನಾನೇ ಹೇಳಿದ್ದೆ."

"ಕರೆಂಟ್ ಇನ್ನೊಂದು ಸಲ ತೆಗೆಸಿದ್ರೆ?"

"ಹೊಸ ನಂಬರು ಬರುತ್ತೆ. ಒಳಗಿರೋ ಫೋನಿಗೇ."

ಅತ್ತೆ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. "ಒಂದು ಕೀಲಿ ತೂತು," ಎಂದರು, ಅಷ್ಟೇ.

ಆದರೂ ನೋಡಿಬಿಡೋಣ ಎಂದು ಇಪ್ಪತ್ಮೂರು ಮನೆಯವರೂ ಸಾಲಾಗಿ ಬಂದು ತಂತಮ್ಮ ಸಂಖ್ಯೆ ಒತ್ತಿದರು. ಇಪ್ಪತ್ಮೂರು ಸಲ ಕೆಂಪು ದೀಪ. ಬೀಗ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಹಿಂದೆಂದೂ ಇರಲಿಲ್ಲ. ಬಾಸ್‌ಗೆ ಮೇಷ್ಟ್ರ ಫೋನಿನಿಂದ ವಿಷಯ ಹೇಳಿದಾಗ, "ಭೇಷ್, ಇದನ್ನ ವಾರ್ಡನ್‌ಗೂ ಹೇಳ್ತೀನಿ. ನಾಳೆ ಬೆಳಗ್ಗೆ ಬೀಗ ಕೊರೆಯಕ್ಕೆ ಡ್ರಿಲ್ ಕಳಿಸ್ತೀನಿ," ಎಂದು ಇಟ್ಟುಬಿಟ್ಟರು.

ಏಳಕ್ಕೆ ಲಿಫ್ಟಿನಿಂದ ಹೆಂಡತಿ ಇಳಿದಳು.

"ರೀ, ಏನಿದು, ಎಲ್ಲರೂ ನಮ್ಮನೆ ಮುಂದೆ?"

ಕರ್ನಲ್ ಬಾಯಿ ತೆರೆಯುವ ಮೊದಲೇ ಅತ್ತೆ ಮಗಳ ಕೈಯಿಂದ ಚೀಲ ಇಸಿದುಕೊಂಡರು. "ಏನಿಲ್ಲ ಕಣೇ. ಇನ್ಮೇಲೆ ಮಳೆ ಬಂದ್ರೆ ನಿಮ್ಮನೆ ಬಟ್ಟೆ ನೀವೇ ತಗೊಂಡು ಮಡಚ್ಕೋಬೇಕು. ನನಗೆ ಒಳಗೆ ಬರಕ್ಕೆ ಆಗಲ್ಲ."

ಹೆಂಡತಿ ತಾಯಿಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ದಿನಾ ಮೂವತ್ತು ಜನರ ಎಲುಬು ನೋಡುವ ಕಣ್ಣು ಅದು.

"ಬಟ್ಟೆ ಅಮ್ಮ ಮಡಚ್ತಿದ್ದಿದ್ದಾ?"

ಕರ್ನಲ್ ಈ ಸಲ ತಲೆಯಾಡಿಸಲಿಲ್ಲ.

"ಗಿಡಕ್ಕೆ ನೀರು?"

ಹೆಡ್‌ಮಾಸ್ತರು ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೈ ಎತ್ತಿದರು.

"ಪಾತ್ರೆ?"

"ಐಸ್ ತಗೊಂಡು ಹೋಗ್ತಾ ಸಿಂಕು ನೋಡಿದ್ರೆ ಮನಸ್ಸು ತಡೀತಿರಲಿಲ್ಲಮ್ಮ," ಎಂದರು ಸೆಕ್ರೆಟರಿ ಮೇಡಂ. "ನಿಮ್ಮ ಮನೆ ದಾರಿಲೇ ಸಿಗುತ್ತಲ್ಲ."

"ಆರು ತಿಂಗಳು," ಎಂದಳು ಹೆಂಡತಿ. "ಆರು ತಿಂಗಳು ಆಸ್ಪತ್ರೆ ತುಂಬಾ ಹೇಳ್ಕೊಂಡು ತಿರುಗಿದೀನಿ. ಇದೆಲ್ಲ ಇವರು ಮಾಡಿದ್ರೆ, ನೀವೇನು ಮಾಡಿದ್ರಿ?"

"ನಾನು," ಎಂದ ಕರ್ನಲ್, "ಬೀಗ ರಿಪೇರಿ ಮಾಡಿದೆ."

"ಬಾರೇ, ಊಟಕ್ಕಾಯ್ತು," ಎಂದು ಅತ್ತೆ ಮಗಳನ್ನು ಕರೆದುಕೊಂಡು ಮೆಟ್ಟಿಲಿಳಿದರು. ಕರ್ನಲ್ ನಾಲ್ಕು ಹೆಜ್ಜೆ ಹಿಂದೆ ಇಳಿದ. ಅವನು ಎರಡನೇ ಮಹಡಿ ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿ ಟಿಕ್ ಎಂದಿತು.

ಅಭ್ಯಾಸಬಲದಿಂದ ಬೆಳಗಿನ ಹಳೆಯ ಸಂಖ್ಯೆಯನ್ನೇ ಒತ್ತಿದ. ಕೆಂಪು ದೀಪ. ಅವನು ಅಲ್ಲೇ ನಿಂತು ಮನಸ್ಸಿನಲ್ಲಿ ಲೆಕ್ಕ ಹಾಕಿದ. ಆರು ಅಂಕಿ ಎಂದರೆ ಹತ್ತು ಲಕ್ಷ ಸಂಖ್ಯೆಗಳು. ಒಂದೊಂದಕ್ಕೆ ಐದು ಸೆಕೆಂಡು ಹಿಡಿದರೂ, ಊಟ ನಿದ್ದೆ ಬಿಟ್ಟು ಒತ್ತಿದರೆ, ಹೆಚ್ಚೆಂದರೆ ಐವತ್ತೆಂಟು ದಿನ. ಒಳಗಿನಿಂದ ತಟ್ಟೆ ಇಡುವ ಸದ್ದು ಬಂತು. ಎರಡೇ ತಟ್ಟೆ. ಕರ್ನಲ್ ಗುಂಡಿಗಳಿಂದ ಕೈ ತೆಗೆದು, ಮೆಲ್ಲಗೆ ಬಾಗಿಲು ತಟ್ಟತೊಡಗಿದ.